ಎರಡು ಅಂಗಳದ ಡೀಸೆಲ್ ಗಾಡಿ

ಮೊನ್ನೆ ಹುಣ್ಣಿಮೆಯ ದಿನ ಗಡಹಿಂಗ್ಲಜದ ನಿಲ್ದಾಣದಲ್ಲಿ ಇಚಲಕರಂಜಿಯ ಬಸ್ಸು ಹತ್ತಿ ಕುಳಿತಿದ್ದೆ. ಡ್ರೈವರ್ ಎಂಜಿನ್ ಚಾಲೂ ಇಟ್ಟು ಚಹಾಕ್ಕೆ ಹೋಗಿದ್ದ. ಹಿಂದಿನಿಂದ ಕರಿಹೊಗೆ ಸುತ್ತಿ ಬಂದು ಕಿಟಕಿಯೊಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಅಜ್ಜಾರ, ಕಿಡಕಿ ಹಾಕ್ರಿ, ಕೆಮ್ಮ ಬರತೈತಿ" ಎಂದಳು. ನಾನು ಹೂವಿನ ಅಂಗಡಿಯ ಮುಂದೆ ನಿಂತವನ ಹಾಗೆ ಆ ಹೊಗೆಯನ್ನು ಒಳಗೆಳೆದುಕೊಳ್ಳುತ್ತಿದ್ದೆ. ನಾಚಿಕೆಯಾಗಿ ಕಿಟಕಿ ಮುಚ್ಚಿದೆ. ಮುಚ್ಚಿದ ಮೇಲೂ ಒಳಗೆ ಉಳಿದಿದ್ದ ವಾಸನೆ ನನಗೆ ಸಾಕಾಗುವಷ್ಟಿತ್ತು.

ನಿಮಗೆ ನಿಜ ಹೇಳಿಬಿಡುತ್ತೇನೆ. ಆ ದಿನ ನಾನು ಬಸ್ಸಿನಲ್ಲಿ ಇರಬೇಕಾದವನೇ ಅಲ್ಲ. ಹುಣ್ಣಿಮೆ ಬಂತೆಂದರೆ ನಮ್ಮ ಅಂಗಳಕ್ಕೆ ಒಂದು ಹಳೆಯ ಡೀಸೆಲ್ ಅಂಬಾಸಿಡರ್ ಬರಬೇಕು, ಅದನ್ನು ನಡೆಸಿಕೊಂಡು ನಮ್ಮ ದಾಜಿ ಬರಬೇಕು. ದಾಜಿ ಎಂದರೆ ಅಕ್ಕನ ಗಂಡ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಮಾತಾಡುವ ನಮ್ಮಂಥವರು ಹಾಗೇ ಕರೆಯುವುದು. ಆ ಹುಣ್ಣಿಮೆಗೆ ಗಾಡಿ ಬರಲಿಲ್ಲ, ದಾಜಿಯೂ ಬರಲಿಲ್ಲ, ಫೋನ್ ಮಾಡಿದರೆ ಎತ್ತಲಿಲ್ಲ. ತಪ್ಪು ನನ್ನದು. ಅದಕ್ಕೇ ಕರೆಯದಿದ್ದರೂ ಅವರ ಮನೆಗೆ ಹೊರಟಿದ್ದೆ. ಒಳಗೆ ಬಾ ಎನ್ನುತ್ತಾರೋ, ಬಾಗಿಲಿನಿಂದಲೇ ತಿರುಗಿ ಕಳಿಸುತ್ತಾರೋ ತಿಳಿಯದು. ಅಕ್ಕ ಇದ್ದಿದ್ದರೆ ಅವಳ ಹಿಂದೆ ಅಡಗಿಕೊಳ್ಳಬಹುದಿತ್ತು. ಅವಳು ಇಲ್ಲ. ನಮ್ಮಿಬ್ಬರು ಮುದುಕರ ನಡುವೆ ಉಳಿದಿದ್ದದ್ದು ಆ ಗಾಡಿ ಒಂದೇ, ಅದಕ್ಕೂ ನಾನು ಕೈಯಾರೆ ಕೇಡು ಮಾಡಿಕೊಂಡಿದ್ದೆ. ಬಸ್ಸು ನಿಪ್ಪಾಣಿ, ಕಾಗಲ ಸುತ್ತಿಕೊಂಡು ಹೋಗುವುದರೊಳಗೆ ಎಲ್ಲ ಹೇಳಿ ಮುಗಿಸಬಹುದು, ಕೇಳಿ.

ಗಾಡಿ ನಮ್ಮದಾದದ್ದು ಕೊಲ್ಲಾಪುರದಲ್ಲಿ. ಒಬ್ಬ ಡಾಕ್ಟರು ಬಳಸಿ ಬಿಟ್ಟದ್ದು, ಕೆನೆ ಬಣ್ಣದ್ದು. ಆಗ ನಾನು ಗಡಹಿಂಗ್ಲಜದಲ್ಲಿ ಒಣಮೆಣಸಿನಕಾಯಿಯ ಅಂಗಡಿ ಇಟ್ಟಿದ್ದೆ, ದಾಜಿ ಇಚಲಕರಂಜಿಯಲ್ಲಿ ಪವರ್‌ಲೂಮ್ ಓಡಿಸುತ್ತಿದ್ದರು. ಒಬ್ಬೊಬ್ಬರೇ ಮೋಟಾರು ಕೊಳ್ಳುವ ಶಕ್ತಿ ಇಬ್ಬರಿಗೂ ಇರಲಿಲ್ಲ, ಆಸೆ ಮಾತ್ರ ಇಬ್ಬರಿಗೂ ಇತ್ತು. ಒಂದು ದಿನ ಊಟಕ್ಕೆ ಕುಳಿತಾಗ ಅಕ್ಕ ಸಾರು ಬಡಿಸುತ್ತ ತೀರ್ಮಾನ ಹೇಳಿದಳು.

"ಇಬ್ರೂ ಕೂಡಿ ಒಂದ ತಗೋರಿ. ಅಮಾಸಿಯಿಂದ ಹುಣ್ಣಿವಿತನಕ ನಮ್ಮ ಮನ್ಯಾಗ ಇರ್ಲಿ, ಹುಣ್ಣಿವಿಯಿಂದ ಅಮಾಸಿತನಕ ತಮ್ಮನ ಮನ್ಯಾಗ ಇರ್ಲಿ."

"ಅಂದ್ರ ಬೆಳದಿಂಗಳ ಎಲ್ಲಾ ನಿಮಗ, ಕತ್ತಲಿ ಎಲ್ಲಾ ನನಗ?" ಎಂದೆ ನಾನು.

"ಗಾಡಿಗೆ ಲೈಟ್ ಅದಾವಲ್ಲೋ, ಹಚಗೊಂಡು ಹೋಗು" ಎಂದಳು.

ಹೀಗೆ ನಮ್ಮ ಗಾಡಿ ಚಂದ್ರನನ್ನು ನೋಡಿಕೊಂಡು ಮನೆ ಬದಲಿಸತೊಡಗಿತು. ಅಮಾವಾಸ್ಯೆಯ ಬೆಳಿಗ್ಗೆ ನಾನು ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಇಚಲಕರಂಜಿಗೆ ಒಯ್ಯುತ್ತಿದ್ದೆ. ಬೇರೆ ಕಡೆಯ ಜನ ಅಮಾವಾಸ್ಯೆಗೆ ಹೊರಗೆ ಹೆಜ್ಜೆ ಇಡಲು ಹೆದರುತ್ತಾರಂತೆ. ನಮ್ಮಲ್ಲಿ ಅಂಗಡಿಗೆ, ಮಗ್ಗಕ್ಕೆ, ಗಾಡಿಗೆ ಪೂಜೆ ಮಾಡುವುದೇ ಅಂದು. ಅಕ್ಕನ ಮನೆಯಲ್ಲಿ ಉಂಡು, ಗಾಡಿ ಅಲ್ಲೇ ಬಿಟ್ಟು, ಎಸ್‌ಟಿ ಬಸ್ಸಿನಲ್ಲಿ ತಿರುಗಿ ಬರುತ್ತಿದ್ದೆ. ಹುಣ್ಣಿಮೆಗೆ ಅಕ್ಕ-ದಾಜಿ ಗಾಡಿ ತಂದು ನಮ್ಮಲ್ಲಿ ಉಂಡು, ಅದೇ ಬಸ್ಸಿಗೆ ಹೋಗುತ್ತಿದ್ದರು. ಓರಗೆಯ ಹೆಂಗಸರು ತವರಿಗೆ ಹೋಗಲು ಪಂಚಮಿ ಬರಲಿ, ದೀಪಾವಳಿ ಬರಲಿ ಎಂದು ದಾರಿ ಕಾಯುವಾಗ, ನಮ್ಮಕ್ಕ ಪಕ್ಷಕ್ಕೊಮ್ಮೆ ತಮ್ಮನ ಮುಖ ನೋಡುವ ವ್ಯವಸ್ಥೆಯನ್ನು ಒಂದು ಸೌಟು ಸಾರಿನ ಜೊತೆ ಬಡಿಸಿ ಮುಗಿಸಿದ್ದಳು. ನಾವಿಬ್ಬರು ಗಂಡಸರು ಗಾಡಿ ಕೊಂಡೆವೆಂದು ಮೀಸೆ ತಿರುವಿಕೊಂಡಿದ್ದೆವು. ಅವಳು ಏನು ಕೊಂಡಿದ್ದಳೆಂಬುದು ನನಗೆ ಹೊಳೆದದ್ದು ಅವಳು ಹೋದ ಮೇಲೆ. ನನ್ನ ಬುದ್ಧಿ ಹಾಗೇ. ಮೆಟ್ರಿಕ್ಕಿನಲ್ಲೂ ಪ್ರಶ್ನೆ ಅರ್ಥವಾಗುತ್ತಿದ್ದದ್ದು ಪೇಪರು ಕೊಟ್ಟು ಹೊರಗೆ ಬಂದ ಮೇಲೆ.

ಹಳೆಯ ಡೀಸೆಲ್ ಗಾಡಿ ಸಾಕುವುದೆಂದರೆ ಏನೆಂದು ಈಗಿನವರಿಗೆ ಹೇಳುವುದು ಕಷ್ಟ. ಈಗ ಗುಂಡಿ ಒತ್ತಿದರೆ ಗಾಡಿ ಏಳುತ್ತದೆ. ನಮ್ಮದಕ್ಕೆ ಮೊದಲು ಹೀಟರ್ ಹಾಕಿ ಕೂರಬೇಕು, ಒಳಗೆ ಕಾವು ಏರುವತನಕ. ಚಳಿಗಾಲದಲ್ಲಿ ಆ ಹೊತ್ತಿನಲ್ಲಿ ಒಂದು ಕಪ್ಪು ಚಹಾ ಕುಡಿದು ಮುಗಿಸಬಹುದು. ಎದ್ದಿತೋ, ಇಡೀ ಓಣಿಗೆ ಸುದ್ದಿ. ಸ್ಟೇರಿಂಗಿನ ಪಕ್ಕದ ಗೇರು ಹಾಕುವಾಗ ಕೈಗೆ ಅದರದೇ ಒಂದು ನಯ ಬೇಕು. ಒತ್ತಾಯ ಮಾಡಿದರೆ ಸಿಟ್ಟು ಮಾಡಿಕೊಳ್ಳುತ್ತದೆ. ಗ್ರೀಸು ಹೊಡೆಯಬೇಕು, ಗಾಲಿಯ ಮೇಲಿನ ಸ್ಪ್ರಿಂಗ್ ಪಾಟಾಕ್ಕೆ ಎಣ್ಣೆ ಬಿಡಬೇಕು, ಬ್ರೇಕಿನ ಮೇಲೆ ವಿಶ್ವಾಸ ಇಡಬೇಕು, ಆದರೆ ಪೂರ್ತಿ ಇಡಬಾರದು. ಒಮ್ಮೆ ರೇಡಿಯೇಟರ್ ಸಣ್ಣಗೆ ಸೋರತೊಡಗಿತು. ನಾವಿಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿ ಚರ್ಚೆ ಮಾಡುತ್ತ ನಿಂತಿದ್ದಾಗ ಅಕ್ಕ ಅಡುಗೆಮನೆಯಿಂದ ಒಂದು ಹಿಡಿ ಅರಿಶಿನ ತಂದು ಸುರಿದೇಬಿಟ್ಟಳು.

"ಏ, ಏ, ಇದೇನ ಮಾಡ್ತಿ?" ದಾಜಿ ಕೂಗಿದರು.

"ಗಾಯಕ್ಕ ಅರಿಷಿಣಾ ಹಚ್ಚೂದಿಲ್ಲೇನು? ಮನಷ್ಯಾರಿಗೊಂದು, ಗಾಡಿಗೊಂದು ಏನ?" ಎಂದಳು.

ಸೋರುವುದು ನಿಂತಿತು. ಆಮೇಲೆ ಕೊಲ್ಲಾಪುರದಲ್ಲಿ ಗಾಡಿ ರಿಪೇರಿ ಮಾಡುವ ಮಿಸ್ತ್ರಿಗಳೂ ಅದನ್ನೇ ಮಾಡುತ್ತಾರೆಂದು ತಿಳಿಯಿತು. ಅಕ್ಕನಿಗೆ ಹೇಳಿದ್ದರೆ ತಲೆಯ ಮೇಲೆ ಕೂರುತ್ತಿದ್ದಳು, ಹೇಳಲಿಲ್ಲ.

ಮಗ್ಗಗಳ ಸದ್ದಿನಲ್ಲಿ ಬದುಕಿದ ದಾಜಿಗೆ ಕಿವಿ ಮಂದ. ಮನುಷ್ಯರ ಮಾತು ಕೂಗಿದರಷ್ಟೇ ಕೇಳುತ್ತದೆ. ಆದರೆ ಎಂಜಿನ್ನಿನೊಳಗಿನ ಟ್ಯಾಪೆಟ್ ಕೊಂಚ ಸಡಿಲಾದರೂ ಆ ಟಕಟಕ ಅವರಿಗೆ ಹಿತ್ತಲಿನಿಂದಲೇ ತಿಳಿಯುತ್ತಿತ್ತು. ಗಾಡಿ ನನ್ನ ಕೈಯಿಂದ ಅವರ ಕೈಗೆ ಹೋಗುವಾಗ ಹೆಣ್ಣು ನೋಡಲು ಬಂದವರ ಹಾಗೆ ಸುತ್ತು ಹಾಕಿ ಪರೀಕ್ಷೆ ಮಾಡುತ್ತಿದ್ದರು. ಬಾಗಿಲು ತೆರೆದು ಮೂಗು ಒಳಗೆ ಹಾಕಿ, "ಪಾವಣೇರ, ಇದು ಮೋಟಾರ್ ಏನು ಮಸಾಲಿ ಡಬ್ಬಿ? ಕೂತ್ರ ಸೀನ ಬರತಾವ" ಎನ್ನುತ್ತಿದ್ದರು. ಪಾವಣೇರ ಎಂದರೆ ನೆಂಟರೇ ಎಂದು. ನಮ್ಮ ಕಡೆ ಬೀಗರಿಗೆ, ಮೈದುನರಿಗೆ ಹೇಳುವ ಮರ್ಯಾದೆಯ ಮಾತು, ಚುಚ್ಚುವುದಕ್ಕೂ ಅದೇ ಮಾತು. "ನಿಮ್ಮ ಕಡಿಂದ ಬರುವಾಗ ಒಳಗ ಅರಳಿ ಹಾರ್ತಿರತೈತ್ರಿ, ಗಾದಿ ಹರದಂಗ" ಎಂದು ನಾನೂ ಬಿಡುತ್ತಿರಲಿಲ್ಲ. ನಮ್ಮ ಮಕ್ಕಳ ಮದುವೆ, ಮೊಮ್ಮಕ್ಕಳ ಜಾವಳ ಎಲ್ಲಕ್ಕೂ ಅದೇ ಗಾಡಿ ಓಡಿತು. ಕೊಲ್ಲಾಪುರದಲ್ಲಿ ನಿಲ್ಲಿಸಿದರೆ ಹುಡುಗರು ಸುತ್ತ ನಿಂತು ಫೋಟೋ ತೆಗೆಯುವರು, "ಕಾಕಾ, ವಿಕಣಾರ್ ಕಾ?" ಎಂದು ಕೇಳುವರು. ಮಾರುತ್ತೀರೇನು ಅಂತ. ದಾಜಿಗೆ ಈ ಪ್ರಶ್ನೆ ಮಾತ್ರ ಮೊದಲ ಸಲಕ್ಕೇ ಕೇಳಿಸುತ್ತಿತ್ತು. "ನಿನ್ನ ಅಜ್ಜನ್ನ ವಿಕತೀ ಏನ?" ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹರಿಹಾಯುತ್ತಿದ್ದರು.

ಆಮೇಲೆ ಅಕ್ಕ ಸೊರಗತೊಡಗಿದಳು. ಊಟ ಸೇರದು, ನಾಲ್ಕು ಹೆಜ್ಜೆಗೆ ದಣಿವು. ಅದೇ ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಇಚಲಕರಂಜಿಯ ದವಾಖಾನೆ, ಕೊಲ್ಲಾಪುರದ ದವಾಖಾನೆ ಎಂದು ತಿರುಗಿದೆವು. ಭಾಳ ದಿನ ಯಾವ ರಿಪೋರ್ಟಿನಲ್ಲೂ ಏನೂ ಸಿಗಲಿಲ್ಲ. ಸಿಕ್ಕಾಗ ಮಾಡುವುದೇನೂ ಉಳಿದಿರಲಿಲ್ಲ. ಹೆಚ್ಚು ಹೇಳುವುದಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹೋಗಿರುತ್ತಾರೆ.

ಅವಳ ಕಾರ್ಯ ಮುಗಿದ ಮೇಲೆ ದಾಜಿ ಗಾಡಿಯನ್ನು ನಮ್ಮ ಅಂಗಳದಲ್ಲಿ ಬಿಟ್ಟು, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. "ನನ್ನ ಪಕ್ಷಾನೂ ನೀವ ಇಟಗೋರಿ. ನನಗ ಎಲ್ಲಿ ಹೋಗೂದೈತಿ?" ಎಂದರು. ಅವರಿಗೇನೂ ಕೊರತೆ ಇರಲಿಲ್ಲ. ಮಗ, ಸೊಸೆ ಮನೆಯಲ್ಲೇ ಇದ್ದಾರೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ದಾಜಿ ಮಗ್ಗ ಬಿಟ್ಟರು, ಪೇಟೆ ಬಿಟ್ಟರು, ಗಡ್ಡ ಬೋಳಿಸುವುದನ್ನೂ ಬಿಟ್ಟರು. ನಾನು ಫೋನ್ ಮಾಡಿ, ಬರ್ರಿ ದಾಜಿ ಎಂದರೆ "ನೋಡೂಣ" ಎನ್ನುವರು. ಬರುತ್ತಿರಲಿಲ್ಲ. ನಾನಾದರೂ ಹೋದೆನೇ? ಹೋಗಲಿಲ್ಲ. ಗಾಡಿ ಒಯ್ಯುವುದಿಲ್ಲ, ತರುವುದಿಲ್ಲ, ಅಕ್ಕನೂ ಇಲ್ಲ. ಮತ್ತೆ ಏನೆಂದು ಹೇಳಿ ಅವರ ಮನೆಯ ಬಾಗಿಲಲ್ಲಿ ನಿಲ್ಲಲಿ? ಗಂಡಸರ ನಡುವೆ ಬರೇ ಭೆಟ್ಟಿಗೆ ಅಂತ ಹೋಗುವ ರೂಢಿ ನಮ್ಮಲ್ಲಿ ಇಲ್ಲವೇ ಇಲ್ಲ ನೋಡಿ. ಏನಾದರೊಂದು ಕೆಲಸ ಬೇಕು.

ಕೆಲಸ ತಾನಾಗಿ ಒದಗಿತು. ಒಂದು ಅಮಾವಾಸ್ಯೆ ಪೂಜೆ ಮಾಡಿ ಗಾಡಿ ಚಾಲೂ ಮಾಡಲು ಹೋದರೆ, ಎದ್ದಿತು, ಎರಡು ಸಲ ಕೆಮ್ಮಿತು, ಸತ್ತಿತು. ಡೀಸೆಲ್ ಗಾಡಿಯ ಈ ಕಾಯಿಲೆಗೆ ಏರ್ ಹಿಡಿಯುವುದು ಎನ್ನುತ್ತಾರೆ. ಪೈಪಿನಲ್ಲಿ ಎಲ್ಲಾದರೂ ಗಾಳಿ ಸೇರಿಕೊಂಡರೆ ಡೀಸೆಲ್ ಮುಂದೆ ಹರಿಯುವುದಿಲ್ಲ. ಒಬ್ಬರು ಬಾನೆಟ್ ಎತ್ತಿ, ಸಣ್ಣ ನಟ್ ಸಡಿಲಿಸಿ, ಗುಳ್ಳೆ ನಿಂತು ಶುದ್ಧ ಡೀಸೆಲ್ ಬರುವತನಕ ಕೈಪಂಪು ಹೊಡೆಯಬೇಕು, ಇನ್ನೊಬ್ಬರು ಒಳಗೆ ಕುಳಿತು ಕೀಲಿ ತಿರುವಬೇಕು. ಇಬ್ಬರು ಬೇಕು. ಫೋನ್ ಮಾಡಿದೆ. "ದಾಜಿ, ಗಾಡಿ ಏರ್ ಹಿಡದೈತ್ರಿ. ನನ್ನ ಕೈಲೆ ಆಗವಲ್ದು."

"ಮುಟ್ಟಬ್ಯಾಡ್ರಿ ನೀವು! ಕೆಡಸ್ತೀರಿ. ಬಂದೆ" ಎಂದರು.

ಮಧ್ಯಾಹ್ನದೊಳಗೆ ಬಸ್ಸಿಳಿದು ಬಂದರು. ಗಡ್ಡ ಬೋಳಿಸಿದ್ದರು. ತೋಳು ಮಡಚಿ, ಪಂಪು ಹೊಡೆದು, "ಹೂಂ, ಹೊಡೀರಿ ಸೆಲ್ಫ್!" ಎಂದು ಕೂಗಿ, ಗಾಡಿ ಎದ್ದಾಗ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಬಡಿಸಿದ ಹೋಳಿಗೆ ತಿಂದು, ಇನ್ನೊಂದು ಕೇಳಿ ಹಾಕಿಸಿಕೊಂಡರು. "ಮಿಸ್ತ್ರಿನ ಕರದಿದ್ರ ಇಷ್ಟೊತ್ತಿಗೆ ಎಂಜಿನ್ ಬಿಚ್ಚಿ ಅಂಗಳದಾಗ ಹರವಿರ್ತಿದ್ದ" ಎಂದು ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ.

ಇನ್ನು ನನ್ನ ತಪ್ಪೊಪ್ಪಿಗೆ ಕೇಳಿ. ಮುಂದಿನ ಅಮಾವಾಸ್ಯೆಗೆ ಗಾಡಿ ತಾನಾಗಿ ಕೆಡಲಿಲ್ಲ. ನಾನು ಕೆಡಿಸಿದೆ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನ ನಟ್ಟನ್ನು ಹಿಂದಿನ ಸಂಜೆ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಅರ್ಧ ಸುತ್ತು ಸಡಿಲಿಸಿದರೆ ಸಾಕು, ಬೆಳಗಾಗುವುದರೊಳಗೆ ಪೈಪಿನ ತುಂಬ ಗಾಳಿ. ದಾಜಿ ಬರುವ ಮೊದಲು ಅದನ್ನು ಮತ್ತೆ ಬಿಗಿ ಮಾಡಿಬಿಡುತ್ತಿದ್ದೆ. ಅವರು ಬರುವರು, ಹುಡುಕುವರು, ಎಲ್ಲೂ ಸೋರಿಕೆ ಸಿಗದು. ಪಂಪು ಹೊಡೆಯುವರು, ಗಾಡಿ ಏಳುವುದು, ಉಣ್ಣುವರು, ಹೋಗುವರು. ರುಚಿ ಹತ್ತಿತು ನನಗೆ. ಹುಣ್ಣಿಮೆಗೂ ನಟ್ ಸಡಿಲಾಗತೊಡಗಿತು. ನನ್ನ ಹೆಂಡತಿಗೆ ಅನುಮಾನ ಬಂದಿತ್ತೆಂದು ಕಾಣುತ್ತದೆ. "ಗಾಡಿ ಕೆಡೂಕಿಂತ ಮೊದಲ ನಿಮ್ಮ ಕೈಗೆ ಡೀಸೆಲ್ ವಾಸನಿ ಹೆಂಗ ಬರತೈತ್ರಿ?" ಎಂದು ಒಮ್ಮೆ ಕೇಳಿದಳು. ನಾನು ಸೋಪು ಎಲ್ಲಿ ಎಂದು ಕೇಳಿ ಮಾತು ಮರೆಸಿದೆ. ಒಳಗೊಳಗೆ ನನಗೆ ಹೆಮ್ಮೆ. ಡಾಕ್ಟರು ಮಾಡಲಾಗದ್ದನ್ನು ನಾನು ಒಂದು ಪಾನಾದಿಂದ ಮಾಡಿದ್ದೇನೆ, ಮನುಷ್ಯನನ್ನು ಎಬ್ಬಿಸಿ ಕೂರಿಸಿದ್ದೇನೆ, ಎಂದು.

ಆದರೆ ನಾನು ಉಣ್ಣುವಾಗಿನ ದಾಜಿಯನ್ನಷ್ಟೇ ನೋಡುತ್ತಿದ್ದೆ. ಹುಡುಕುವಾಗಿನ ದಾಜಿಯನ್ನು ನೋಡಿರಲಿಲ್ಲ. ಬರಬರುತ್ತ ಅವರು ಚಪ್ಪಾಳೆ ತಟ್ಟುವುದು ನಿಂತಿತು. ಗಾಡಿ ಎದ್ದ ಮೇಲೂ ಕಿವಿ ಹಚ್ಚಿ ನಿಂತೇ ಇರುವರು. ಒಮ್ಮೆ ಹಟ ಮಾಡಿ ಕೊಲ್ಲಾಪುರಕ್ಕೆ ಒಯ್ದು ಪಂಪು ಬಿಚ್ಚಿಸಿದರು. ಮಿಸ್ತ್ರಿ ಎಲ್ಲ ತೊಳೆದು ನೋಡಿ, "ಕಾಯ್ ಬೀ ನಾಯ್ ಹೋ, ಗಾಡಿ ಏಕದಮ್ ಠೀಕ್ ಆಹೆ" ಎಂದ. ಏನೂ ಇಲ್ಲ, ಗಾಡಿ ಚೆನ್ನಾಗಿದೆ ಎಂದರೆ ಸಂತೋಷಪಡಬೇಕು ತಾನೇ? ದಾಜಿಯ ಮುಖ ಬಿಳಿಚಿಕೊಂಡಿತು. ನಾನು ಅದನ್ನು ಬಿಸಿಲಿನ ದಣಿವು ಎಂದುಕೊಂಡು ಕಬ್ಬಿನ ಹಾಲು ಕುಡಿಸಿದೆ.

ಕೆಲ ದಿನಗಳಾದ ಮೇಲೆ ಅವರದೇ ಫೋನು ಬಂತು. "ಪಾವಣೇರ, ಅಮಾಸಿಗೆ ಬರತೇನಿ. ಶಿರೋಳಿ ಕಡೆ ಒಬ್ಬ ಭಂಗಾರದಾಂವಗ ಮಾತಾಡೇನಿ. ಗಾಡಿ ಒಯ್ದು ಕೊಟ್ಟುಬಿಡೂಣ. ಇನ್ನ ಸಾಕು." ಭಂಗಾರ ಎಂದರೆ ಗುಜರಿ. ಶಿರೋಳಿಯಲ್ಲಿ ಅಂಥ ಕಬ್ಬಿಣ ಕರಗಿಸುವ ಫೌಂಡ್ರಿಗಳಿವೆ. ನಾನು ಏನೇನೋ ಹೇಳಿದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಆ ಅಮಾವಾಸ್ಯೆಗೆ ನಾನು ಪಾನಾ ಮುಟ್ಟಲಿಲ್ಲ. ಗಾಡಿ ಚಂದಾಗಿ ಎದ್ದರೆ ದಾಜಿ ಮನಸ್ಸು ಬದಲಿಸಬಹುದೆಂದು ನನ್ನ ಲೆಕ್ಕಾಚಾರ. ಬಂದರು, ಹೀಟರ್ ಹಾಕಿದರು, ಕೀಲಿ ತಿರುವಿದರು. ಒಂದೇ ಏಟಿಗೆ ಎದ್ದು ಗುಡುಗುಡು ಎಂದಿತು, ಎಳೆಯ ಹೋರಿಯ ಹಾಗೆ. ನಾನು ನಗುತ್ತ ಅವರ ಕಡೆ ನೋಡಿದೆ. ಅವರು ನಗಲಿಲ್ಲ. ಹೊರಟೆವು. ಘಾಟು ಹತ್ತುವಾಗಲೂ ಗಾಡಿ ಎಲ್ಲಿಯೂ ಮುಗ್ಗರಿಸಲಿಲ್ಲ.

ಕಾಗಲದ ಹತ್ತಿರ ಚಹಾದ ಅಂಗಡಿಯ ಮುಂದೆ ನಿಲ್ಲಿಸಿದರು. ಬಸಿಯಲ್ಲಿ ಚಹಾ ಸುರಿದುಕೊಂಡು, ಕುಡಿಯದೆ ಗಾಡಿಯ ಕಡೆ ನೋಡುತ್ತ ಕುಳಿತರು.

"ಹೆಂಗ ಓಡಿತು ನೋಡಿದ್ರ್ಯಾ?"

"ಅದಕ್ಕ ಹೇಳಾಕತ್ತೇನ್ರಿ ದಾಜಿ, ಆರಾಮ ಆಗೈತಿ ಗಾಡಿ. ತಿರಗಿ ಹೋಗೂಣ ನಡೀರಿ."

"ನಿಮ್ಮ ಅಕ್ಕನೂ ಕಡೇ ದಿನ ಎದ್ದು ಕುಂತಿದ್ಲು" ಎಂದರು ದಾಜಿ. "ಚಹಾ ಕೇಳಿ ಕುಡದ್ಲು. ಸೊಸಿಗೆ ತಲಿ ಬಾಚು ಅಂದ್ಲು. ನಾ ಹುಚ್ಚ, ಆರಾಮ ಆದ್ಲು ಅಂತ ಪೇಟಿಗೆ ಹೋಗಿ ಹಣ್ಣ ತಂದೆ."

ಬಸಿಯನ್ನು ಬಾಕಿನ ಮೇಲಿಟ್ಟು ಮುಂದುವರಿಸಿದರು.

"ರಿಪೋರ್ಟಿನಾಗ ಏನೂ ಇಲ್ಲ, ಏನೂ ಇಲ್ಲ ಅಂತಿದ್ರು. ದಿನಾ ಸೊರಗತಿದ್ಲು. ಈಗ ಈ ಗಾಡಿ. ಮಿಸ್ತ್ರಿ ಏನೂ ಇಲ್ಲ ಅಂತಾನ. ನಿಮ್ಮ ಫೋನ್ ಬಂದ್ರ ನನ್ನ ಎದಿ ಹಾರತೈತ್ರಿ ಪಾವಣೇರ. ಇನ್ನೊಮ್ಮೆ ಅದನ್ನ ನೋಡಾಕ ನನ್ನ ಕೈಲೆ ಆಗೂದಿಲ್ಲ. ಓಡೂ ಗಾಡಿ ಇದ್ದಾಗನ ಕಳಿಸಿಬಿಡೂಣ."

ನಾನು ಅವರಿಗೆ ಜೊತೆ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಕೊಟ್ಟದ್ದು ಮತ್ತೊಮ್ಮೆ ಅದೇ ದವಾಖಾನೆಯನ್ನು. ಸುಮ್ಮನಿದ್ದರೆ ಗಾಡಿ ಹೋಗುತ್ತಿತ್ತು, ಅದು ಬೇರೆ ಮಾತು. ಅದಕ್ಕಿಂತ ಹೆಚ್ಚಾಗಿ, ಏನೂ ಆಗದ ಒಂದು ಜೀವವನ್ನು ತಾನು ಉಳಿಸಿಕೊಳ್ಳಲಾಗಲಿಲ್ಲ ಎಂಬ ಎರಡನೆಯ ದುಃಖ ಹೊತ್ತುಕೊಂಡು ಆ ಮನುಷ್ಯ ಮನೆಗೆ ಹೋಗುತ್ತಿದ್ದ. ನಾನು ಹೇಳಿದೆ. ಮೆಲ್ಲಗೆ ಹೇಳಿದರೆ ಅವರಿಗೆ ಕೇಳಿಸದು. ಹೀಗಾಗಿ ನನ್ನ ಪಾಪವನ್ನು ಆ ಚಹಾದಂಗಡಿಯ ಇಡೀ ಗಿರಾಕಿಗಳಿಗೆ ಕೇಳುವಂತೆ ಕೂಗಿ ಹೇಳಬೇಕಾಯಿತು.

"ಗಾಡಿಗೆ ಏನೂ ಆಗಿಲ್ರಿ ದಾಜಿ! ನಾನ ನಟ್ ಸಡ್ಲ ಮಾಡತಿದ್ದೆ! ನೀವು ಬರಲಿ ಅಂತ!"

ದಾಜಿ ಎದ್ದರು. ಬಾನೆಟ್ ಎತ್ತಿದರು. "ಯಾವ ನಟ್?" ಎಂದರು. ತೋರಿಸಿದೆ. ಬೆರಳಿಂದ ಮುಟ್ಟಿ ನೋಡಿದರು. ಬಾನೆಟ್ ಮುಚ್ಚಿದರು. ಅವರು ಸಿಟ್ಟಿನಲ್ಲಿ ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. ಎಂದೂ ನನ್ನನ್ನು ನೀವು ಎನ್ನುವುದು ಬಿಡದವರು ಅಂದು ಬಿಟ್ಟರು.

"ಅಕಿ ಹೋದಾಗ ನಾ ಅತ್ತಿದ್ದಿಲ್ಲ. ಮಂದಿ ಮುಂದ ಅಳಾಕ ಆಗಲಿಲ್ಲ. ಈ ಗಾಡಿ ಸಲುವಾಗಿ ಅತ್ತೇನಿ, ಬಸ್ಸಿನ್ಯಾಗ ಕುಂತು, ಪ್ರತಿ ಸಲ. ನೀ ಕೈಯಾಗ ಪಾನಾ ಹಿಡ್ಕೊಂಡು ನಿಂತಿದ್ದಿ."

ಗಾಡಿ ಹತ್ತಿದರು. ಇಚಲಕರಂಜಿಯ ದಾರಿಗೆ ತಿರುಗಿಸಿದರು. ನನಗೆ ಹತ್ತು ಎನ್ನಲಿಲ್ಲ, ಬ್ಯಾಡ ಎನ್ನಲೂ ಇಲ್ಲ. ಗಾಡಿ ಕಣ್ಣಿಗೆ ಮರೆಯಾಗುವತನಕ ನಿಂತೆ. ಚಹಾದವನು ಬಂದು ಬಸಿಗಳನ್ನು ಎತ್ತಿಕೊಂಡು, "ಬಸ್ಸು ಆ ಕಡೆ ನಿಲ್ಲತೈತ್ರಿ ಅಜ್ಜಾರ" ಎಂದ.

ಆ ಪಕ್ಷವಿಡೀ ಫೋನಿಲ್ಲ. ಗಾಡಿ ಶಿರೋಳಿಗೆ ಹೋಯಿತೋ, ಇದೆಯೋ, ಅದೂ ಗೊತ್ತಿಲ್ಲ. ಹುಣ್ಣಿಮೆ ಬಂತು. ಬೆಳಗಿನಿಂದ ಬಾಗಿಲಲ್ಲಿ ಕುಳಿತೆ. ಓಣಿಯಲ್ಲಿ ಟ್ರ್ಯಾಕ್ಟರ್ ಬಂದರೂ ಎದ್ದು ನೋಡುತ್ತಿದ್ದೆ. ಕಡೆಗೆ ನನ್ನ ಹೆಂಡತಿ, "ಅವರು ಬರೂದಿಲ್ಲ. ನೀವ ಹೋಗ್ರಿ" ಎಂದಳು. ಹೋಳಿಗೆ ಕಟ್ಟಿಕೊಡು, ಒಯ್ಯುತ್ತೇನೆ ಎಂದೆ. "ಬ್ಯಾಡ್ರಿ. ಏನೂ ಒಯ್ಯಬ್ಯಾಡ್ರಿ. ಒಯ್ದ್ರ ಹೋಳಿಗಿ ಕೊಡಾಕ ಬಂದೇನಿ ಅಂತೀರಿ. ನಿಮ್ಮ ನೆವಾ ಎಲ್ಲಾ ಸಾಕು" ಎಂದಳು. ಎಷ್ಟೋ ವರ್ಷ ಸಂಸಾರ ಮಾಡಿದವಳು, ನನ್ನ ಎಲ್ಲ ನಟ್ಟುಗಳೂ ಅವಳಿಗೆ ಗೊತ್ತು.

ಬಸ್ಸು ಇಚಲಕರಂಜಿ ಮುಟ್ಟಿತು. ದಾಜಿಯ ಓಣಿಗೆ ತಿರುಗಿದರೆ ಎರಡೂ ಬದಿಗೆ ಮಗ್ಗಗಳ ಖಟಖಟ. ಆ ಸದ್ದಿನ ನಡುವೆ ಇನ್ನೊಂದು ಸದ್ದು ನನ್ನ ಕಾಲನ್ನು ಹಿಡಿದು ನಿಲ್ಲಿಸಿತು. ನಮ್ಮ ಗಾಡಿಯ ಎಂಜಿನ್ನು. ಮಾರಿರಲಿಲ್ಲ. ಅಂಗಳದಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಗಾಡಿಯ ಎಂಜಿನ್ ಚಾಲೂ ಇತ್ತು, ದಾಜಿ ಬೆನ್ನು ಹಾಕಿ ಅದರೊಳಗೆ ಬಗ್ಗಿದ್ದರು. ಸೊಸೆ ನನ್ನನ್ನು ಕಂಡು, "ಮಾಮಾ, ಬರ್ರಿ" ಎಂದವಳು ಮಾವನ ಬೆನ್ನು ನೋಡಿ ಬಾಗಿಲಲ್ಲೇ ನಿಂತಳು.

ದಾಜಿ ತಿರುಗಲಿಲ್ಲ. "ಗಾಡಿ ಒಯ್ಯಾಕ ಬಂದಿ ಏನ? ಹುಣ್ಣಿವಿ, ನಿನ್ನ ಪಾಳಿ. ಒಯ್ಯಿ" ಎಂದರು.

"ಗಾಡಿ ಸಲುವಾಗಿ ಬಂದಿಲ್ರಿ."

"ಮತ್ತ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಿದ್ದವು. ಕ್ಷಮೆ, ಅಕ್ಕನ ಹೆಸರು, ನನ್ನ ವಯಸ್ಸು, ಎಲ್ಲ. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ. "ಊಟಕ್ಕ ಬಂದೇನಿ" ಎಂದು, ಎಂಜಿನ್ನಿಗಿಂತ ಮೇಲೆ, ಮಗ್ಗಗಳಿಗಿಂತ ಮೇಲೆ ಕೂಗಿದೆ. ಎದುರು ಮನೆಯ ಮಗ್ಗದವನು ಕಿಟಕಿಯಿಂದ ಇಣುಕಿ ನೋಡಿದ.

ದಾಜಿ ಈಗ ತಿರುಗಿದರು. ಕೈಯಲ್ಲಿ ಎಣ್ಣೆ ಅರಿವೆ. "ಕರೀಲಾರ್ದ ಊಟಕ್ಕ ಬರಾಕ ನಾಚಿಕಿ ಬರೂದಿಲ್ಲೇನ ನಿನಗ?"

"ಭಾಳ ಬರತೈತ್ರಿ. ಆದ್ರೂ ಬಂದೇನಿ."

ಅರಿವೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು. ಆಮೇಲೆ ಸೊಸೆಗೆ, "ಇನ್ನೊಂದು ತಾಟ ಹಚ್ಚವಾ. ಕರೀಲಾರ್ದ ಪಾವಣ್ಯಾ ಬಂದಾನ" ಎಂದರು.

ಮಜ್ಜಿಗೆಯ ಹೊತ್ತಿಗೆ ಅವರೇ ಕೇಳಿದರು. "ನಟ್ ಮುಟ್ಟಲಾರ್ದ, ಬರೇ ಬಾ ಅಂತ ಕರದಿದ್ರ ನಾ ಬರತಿದ್ದೆ ಅಂತೀಯೇನ?"

ಯೋಚಿಸಿ ಹೇಳಿದೆ. "ಇಲ್ರಿ. ಕರದಿದ್ದೆ. ನೀವು ಬರತಿದ್ದಿಲ್ಲ."

"ಹೂಂ" ಎಂದರು ದಾಜಿ, "ಬರತಿದ್ದಿಲ್ಲ." ತಾಟಿನಲ್ಲಿ ಬೆರಳಾಡಿಸಿ, "ಅದಕ್ಕ ಅಂತ ನಿನ್ನ ಬಿಟ್ಟೇನಂತ ತಿಳೀಬ್ಯಾಡ. ಇನ್ನೊಮ್ಮೆ ಪಾನಾ ಹಿಡದಿ ಅಂದ್ರ ಗಾಡಿ ಅಲ್ಲ, ನಿನ್ನ ಭಂಗಾರಕ್ಕ ಹಾಕ್ತೇನಿ" ಎಂದರು. ಸೊಸೆ ಒಳಗೆ ನಗುವುದು ಕೇಳಿಸಿತು. ದಾಜಿಗೆ ಕೇಳಿಸಿರಲಿಕ್ಕಿಲ್ಲ.

ಅವರು ನನ್ನನ್ನು ಕ್ಷಮಿಸಿದ್ದಾರೆಂದು ಹೇಳಲಾರೆ. ಬಸ್ಸಿನಲ್ಲಿ ಅತ್ತ ಅಷ್ಟೂ ಸಲವನ್ನು ನಾನು ತಿರುಗಿ ಕೊಡುವುದು ಹೇಗೆ? ಕೇಳುವ ಧೈರ್ಯವೂ ಇಲ್ಲ. ಗಾಡಿಯನ್ನು ಅಂದು ನಾನು ತರಲಿಲ್ಲ, ಅವರು ತಗೋ ಎಂದು ಒತ್ತಾಯಿಸಲೂ ಇಲ್ಲ.

ಇವತ್ತು ಇದನ್ನು ಬರೆಯುತ್ತ ಕುಳಿತಾಗ ಮಧ್ಯಾಹ್ನ ಯಾರೋ ಅಂಗಳದಲ್ಲಿ ಕೆಮ್ಮಿದರು. ತಿಥಿ ಯಾವುದೋ ನೋಡಿಲ್ಲ, ಹುಣ್ಣಿಮೆ ಅಮಾವಾಸ್ಯೆ ಎರಡೂ ಅಲ್ಲ. ಮನೆಯಲ್ಲಿ ಹೋಳಿಗೆಯಿಲ್ಲ, ರೊಟ್ಟಿ, ಝುಣಕಾ ಅಷ್ಟೇ. ಹೊರಗೆ ಬಂದು ನೋಡಿದರೆ ದಾಜಿ, ಬಸ್ಸಿಳಿದು ಬಂದ ಧೂಳಿನ ಚಪ್ಪಲಿ ಬಿಡುತ್ತ ನಿಂತಿದ್ದರು.

"ಗಾಡಿ ಎಲ್ಲೈತ್ರಿ ದಾಜಿ? ಏನಾತ್ರಿ?"

"ಮನ್ಯಾಗೈತಿ" ಎಂದರು ದಾಜಿ, ಕಾಲಿಗೆ ನೀರು ಹಾಕಿಕೊಳ್ಳುತ್ತ. "ಅದಕ್ಕೇನ ಆಗೈತಿ? ಆರಾಮೈತಿ."